ಉಳಿದ ನೀರು

ಗಡಿಗೆಯ ತೂತಿನಿಂದ ಕೊನೆಯ ಹನಿ ಬಿದ್ದಾಗ ಲೈಕಿನೋಸ್ ಇನ್ನೂ ಭಾಷಣದ ಮೊದಲಲ್ಲಿ ಬರುವ ಪೂರ್ವಜರ ಪರಾಕ್ರಮದಲ್ಲೇ ಸಿಕ್ಕಿಕೊಂಡಿದ್ದ. ಇದು ಐದನೇ ಸಲ.

ಮೆಲಿಟ್ಟಾ ತೂತಿಗೆ ಮೇಣ ಒತ್ತಿ ಗಡಿಗೆಯನ್ನು ಮತ್ತೆ ತುಂಬಿದಳು. ಬೆಳಕು ಹರಿದಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಗಂಡ ಐನೂರೊಂದು ತೀರ್ಪುಗಾರರ ಮುಂದೆ ನಿಂತು ತನ್ನ ಪರವಾಗಿ ತಾನೇ ಮಾತಾಡಬೇಕು. ಅಲ್ಲಿಯೂ ಹೊತ್ತು ಅಳೆಯುವುದು ಇಂಥ ಗಡಿಗೆಯಿಂದಲೇ; ನೀರು ನಿಂತರೆ ಮಾತೂ ನಿಲ್ಲಬೇಕು.

ಯುದ್ಧದಲ್ಲಿ ಮುಳುಗಿದ ಹಡಗಿನಲ್ಲಿ ಹುಟ್ಟು ಹಾಕುತ್ತಿದ್ದು ಸತ್ತ ಪರದೇಶಿಗಳ ಹೆಂಡಂದಿರಿಗೂ ಊರ ಕಣಜದಿಂದ ಕಾಳು ಕೊಡಬೇಕೆಂದು ಜನಸಭೆಯಲ್ಲಿ ಅವನು ಠರಾವು ತಂದಿದ್ದ. ಅದು ಕಾನೂನಿಗೆ ವಿರುದ್ಧವೆಂದು ಒಬ್ಬ ದೊಡ್ಡ ಭಾಷಣಕಾರ ದಾವೆ ಹೂಡಿದ್ದ. ಸೋತರೆ ಕಾಳು ನಿಲ್ಲುತ್ತದೆ. ಪಕ್ಕದ ಮನೆಯ ಮಾನಿಯಾಳಿಗೂ ನಿಲ್ಲುತ್ತದೆ. ಅವಳ ಗಂಡ ಸಿಮಾಸ್ ಹಡಗಿನಲ್ಲಿ ಲೈಕಿನೋಸನ ಪಕ್ಕದಲ್ಲೇ ಕೂರುತ್ತಿದ್ದವನು.

"ದುಡ್ಡು ಕೊಟ್ಟು ಬರೆಸಿದ ಭಾಷಣಾನ ಬಿಟ್ಬಿಡಿ," ಎಂದಳು ಮೆಲಿಟ್ಟಾ.

"ಊರಲ್ಲೇ ದೊಡ್ಡ ಬರಹಗಾರ ಕಣೆ ಅವ್ನು."

"ಇರಬಹುದು. ಆದ್ರೆ ಅವನೇನು ನೀರಿಗೆ ಬಿದ್ದಿದ್ನಾ? ಈಜಿ ದಡ ಸೇರಿ ಮನೆಗೆ ಬಂದ ದಿನ ನಂಗೆ ಹೇಗೆ ಹೇಳಿದ್ರೋ, ಹಾಗೇ ಹೇಳಿ."

ಅವನು ಸುರುಳಿಯನ್ನು ಸುತ್ತಿದ.

ತೀರ್ಪುಗಾರರ ಮನಸ್ಸು ಕರಗಲೆಂದು ಮಕ್ಕಳನ್ನು ಕರೆದೊಯ್ಯುವುದು ವಾಡಿಕೆ. ಅಳು ಬರದಿದ್ದರೆ ಇರಲಿ ಎಂದು ಆರು ವರ್ಷದ ಫಿಲಾ ಒಂದು ಈರುಳ್ಳಿಯನ್ನು ಹಿಡಿದುಕೊಂಡೇ ಅಪ್ಪನ ಜೊತೆ ಹೊರಟಳು. ಹೆಂಗಸರಿಗೆ ಅಲ್ಲಿ ಜಾಗವಿರಲಿಲ್ಲ. ಮೆಲಿಟ್ಟಾ ಉಣ್ಣೆ ನೂಲಲು ಕೂತಳು. ಎಳೆ ಮೂರು ಸಲ ತುಂಡಾಯಿತು. ಕಡೆಗೆ ಎದ್ದು ಗಡಿಗೆಯ ಮೇಣ ತೆಗೆದು, ನೀರು ಸುರಿಯುವಷ್ಟು ಹೊತ್ತೂ ಸುಮ್ಮನೆ ನೋಡುತ್ತ ನಿಂತಳು. ಮತ್ತೆ ಮೇಣ ಒತ್ತುವುದನ್ನೂ ಮರೆತಳು.

ಮಧ್ಯಾಹ್ನ ಬಾಗಿಲಲ್ಲಿ ಗಂಡ ಕಾಣಿಸಿಕೊಂಡ. ಮಗಳು ಅವನ ಹೆಗಲ ಮೇಲಿದ್ದಳು. ಈರುಳ್ಳಿ ಅವಳ ಕೈಯಲ್ಲೇ ಇತ್ತು.

"ಅಳಲಿಲ್ವಾ ನೀನು?"

"ನಂಗೆ ಹೊತ್ತೇ ಸಿಗ್ಲಿಲ್ಲಮ್ಮ. ನೀರಲ್ಲಿ ಸಿಮಾಸ್ ಮಾವ ತಾನು ಹಿಡ್ಕೊಂಡಿದ್ದ ಹಲಗೇನ ತನಗೆ ತಳ್ಳಿಕೊಟ್ಟಿದ್ದನ್ನ ಅಪ್ಪ ಹೇಳಿದ್ರು. ಆಮೇಲೆ, ನಂದಿಷ್ಟೇ, ಉಳಿದ ನೀರು ಚೆಲ್ಲಿಬಿಡಿ ಅಂದ್ಬಿಟ್ರು. ಮುಂದೆ ಕೂತಿದ್ದ ತಾತನೇ ಅತ್ತಿದ್ದು."

"ಮೂವತ್ತೊಂದು ಮತದ ಅಂತರದಲ್ಲಿ ಗೆದ್ವಿ," ಎಂದ ಲೈಕಿನೋಸ್. "ಮಾನಿಯಾಗೆ ಹೇಳಿಯೇ ಬಂದೆ." ಅವನ ಗಂಟಲು ಒಣಗಿತ್ತು.

ಮೆಲಿಟ್ಟಾ ಕೈಗೆ ಸಿಕ್ಕ ಗಡಿಗೆಯಲ್ಲೇ ನೀರು ತುಂಬಿ ತಂದಳು. ಅವನು ಕುಡಿಯುವಷ್ಟು ಹೊತ್ತೂ ತೂತಿಗೆ ಬೆರಳು ಒತ್ತಿ ಹಿಡಿದು ನಿಂತಿದ್ದಳು.