ಹತ್ತು ಟನ್ನಿನ ಪ್ರೆಸ್ಸು

"ಕೈ ತೆಗಿಯೋ ಲೇ! ಇನ್ನೊಂದ್ಸಲ ನನ್ನ ಕಾರು ಮುಟ್ಟಿದ್ರೆ ನೋಡು."

ಅಜ್ಜಂಪುರದ ಈರುಳ್ಳಿ ಮಂಡಿಯ ಮುಂದೆ ಅದರ ಯಜಮಾನ ಗಂಗಾಧರಯ್ಯನವರು ಆಡಿದ ಈ ಮಾತು ಗಾಡಿ ಹೂಡಿಕೊಂಡು ಬಂದಿದ್ದ ರೈತರಿಗೆ, ಮೂಟೆ ಹೊರುತ್ತಿದ್ದ ಹಮಾಲರಿಗೆ, ಎದುರು ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದವರಿಗೆ, ಎಲ್ಲರಿಗೂ ಕೇಳಿಸಿತು. ಕೇಳಿಸಲಿ ಅಂತಲೇ ಹೇಳಿದ್ದು. ಹೇಳಿಸಿಕೊಂಡವನು ಚೌಡಪ್ಪ, ಇಪ್ಪತ್ತೆರಡರ ಮೆಕ್ಯಾನಿಕ್ಕು. ಬಾನೆಟ್ಟಿನ ಮೇಲಿಟ್ಟ ಕೈಯನ್ನು ಅವನು ತೆಗೆಯಲಿಲ್ಲ.

ಆ ಕಾರು ಹದಿನೈದು ವರ್ಷ ಗಂಗಾಧರಯ್ಯನವರ ಕೊಟ್ಟಿಗೆಯಲ್ಲಿ ಸತ್ತು ಬಿದ್ದಿದ್ದ ಲ್ಯಾಂಡ್‌ಮಾಸ್ಟರ್. ಸೀಟಿನೊಳಗೆ ಇಲಿ ಮರಿ ಹಾಕಿತ್ತು. ಅದನ್ನು ಚೌಡಪ್ಪ ತನ್ನ ಮನೆಯ ಹಿತ್ತಿಲ ತಗಡಿನ ಶೆಡ್ಡಿಗೆ ತಂದು, ಆರು ತಿಂಗಳು ತುಕ್ಕು ಕೆರೆದು, ತಗಡು ತಟ್ಟಿ, ಇಂಜಿನ್ನು ಬಿಚ್ಚಿ ಕಟ್ಟಿ, ಹಸಿರು ಬಣ್ಣ ಹೊಡೆದು ಎಬ್ಬಿಸಿದ್ದ. ಎದ್ದ ಕಾರು ಮೊದಲನೇ ಸಲ ಮಂಡಿ ಮನೆಯ ಹೆಂಗಸರನ್ನು ಕೂರಿಸಿಕೊಂಡು ಅಮೃತಾಪುರದ ದೇವಸ್ಥಾನಕ್ಕೆ ಹೋಯಿತು. ಬರುವಾಗ ಹಿಂದಿನ ಚಕ್ರದ ಬೇರಿಂಗ್ ಒಡೆಯಿತು. ಹೆಂಗಸರು ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು, ಬಿಸಿಲಲ್ಲಿ ಎರಡು ಮೈಲಿ ನಡೆದು ಬಸ್ಸು ಹತ್ತಿದರು. ಕಾರನ್ನು ಮುದ್ದಪ್ಪ ಅನ್ನುವವನು ತನ್ನ ಟ್ರ್ಯಾಕ್ಟರಿಗೆ ಕಟ್ಟಿ ಕುಂಟಿಸಿಕೊಂಡು ಎಳೆದು ತಂದಿದ್ದ.

"ಹೊಸಾ ಬೇರಿಂಗು ಹೆಂಗೋ ಒಡೀತು?" ಅಂದರು ಗಂಗಾಧರಯ್ಯನವರು.

"ಅದನ್ನ ಪ್ರೆಸ್ಸಲ್ಲಿ ಒತ್ತಿ ಕೂರಿಸ್ಬೇಕು. ಪ್ರೆಸ್ ಇರ್ಲಿಲ್ಲ. ಮರದ ತುಂಡು ಕೊಟ್ಟು ಸುತ್ತಿಗೇಲಿ ಹೊಡ್ದೆ. ಎಲ್ಲೋ ಬಿರುಕು ಬಿಟ್ಟಿರ್ಬೇಕು. ತಪ್ಪು ನಂದೇ."

ತಪ್ಪು ಒಪ್ಪಿಕೊಂಡವನನ್ನು ಬಿಟ್ಟುಬಿಡಬಹುದಿತ್ತು. ಆದರೆ ಸುತ್ತ ಅಷ್ಟು ಜನ ಇದ್ದರಲ್ಲ.

"ಹೊಡ್ದನಂತೆ, ಕೇಳಿದ್ರೇನ್ರಪ್ಪಾ! ಇವರಪ್ಪ ಲಕ್ಷ್ಮಣ ತಮಟೆ ಹೊಡ್ದ. ಮಗ ಬೇರಿಂಗ್ ಹೊಡ್ದ. ಹೊಡಿಯೋದು ಬಿಟ್ರೆ ನಿಮ್ಮೋರಿಗೆ ಇನ್ನೇನೋ ಬರುತ್ತೆ?"

ಜನ ನಕ್ಕರು. ಹಮಾಲರಲ್ಲಿ ಚೌಡಪ್ಪನ ಕೇರಿಯವರೇ ಇಬ್ಬರಿದ್ದರು. ಅವರೂ ನಕ್ಕರು, ನಗದೆ ಇದ್ದರೆ ನಾಳೆ ಮೂಟೆ ಸಿಗದು.

ಚೌಡಪ್ಪ ಏಳನೇ ಕ್ಲಾಸಿಗೇ ಶಾಲೆ ಬಿಟ್ಟದ್ದು ಮೇಷ್ಟರಿಗೆ ಎದುರುತ್ತರ ಕೊಟ್ಟು. ಉತ್ತರ ಕೊಡದೆ ಒಂದು ಜಗಳದಿಂದಲೂ ಅವನು ಮನೆಗೆ ಬಂದವನಲ್ಲ. ಅವತ್ತೂ ಕೊಟ್ಟ.

"ಬರೋ ಸೋಮವಾರ ಬಿಟ್ಟು ಮುಂದಿನ ಸೋಮವಾರ, ಗಂಗಾಧರಯ್ಯನೋರೇ, ನನ್ನ ಶೆಡ್ಡಿಗೆ ಬನ್ನಿ. ಈಗ ನಕ್ಕೋರನ್ನೆಲ್ಲ ಕರ್ಕೊಂಡೇ ಬನ್ನಿ. ಬೇರಿಂಗ್ ನಾನೇ ತರ್ತೀನಿ. ಸುತ್ತಿಗೆ ಎತ್ತದೆ ಕೂರಿಸಿ ತೋರಿಸ್ತೀನಿ. ಆಗ್ಲಿಲ್ಲ ಅಂದ್ರೆ ಈ ಊರಲ್ಲಿ ಮತ್ತೆ ಸ್ಪ್ಯಾನರ್ ಹಿಡಿಯಾಕಿಲ್ಲ."

"ಸ್ಪ್ಯಾನರ್ ಬಿಟ್ಟು ಏನ್ ಹಿಡೀತೀಯೋ? ತಮಟೆ ಕೋಲಾ?" ಅಂದ ಮುದ್ದಪ್ಪ. ಮತ್ತೊಂದು ಸುತ್ತು ನಗೆ.

ಆಡಿದ್ದಾಯಿತು. ಇನ್ನು ಪ್ರೆಸ್ಸು ಬೇಕು. ಬೆಂಗಳೂರಿನ ಕಂಪನಿ ಮಾಲಿನ ಮಾತೆತ್ತುವ ಹಾಗೇ ಇರಲಿಲ್ಲ. ಕಡೂರಿನ ರೈಲ್ವೆ ಸ್ಟೇಷನ್ನಿನ ಹಿಂದೆ ಸಿದ್ದಪ್ಪನ ವೆಲ್ಡಿಂಗ್ ಶಾಪಿನಲ್ಲಿ ಕಡಿಮೆಗೆ ಮಾಡಿ ಕೊಡುತ್ತಾರೆ ಅಂತ ಒಬ್ಬ ಲಾರಿ ಡ್ರೈವರು ಹೇಳಿದ್ದ. ಚೌಡಪ್ಪ ಮಾರನೇ ದಿನವೇ ತನ್ನ ಜಾವಾ ಬೈಕು ಹತ್ತಿ ಕಡೂರಿಗೆ ಹೋದ.

ಆಳೆತ್ತರದ ಕಬ್ಬಿಣದ ಚೌಕಟ್ಟು, ತಳದಲ್ಲಿ ಎಣ್ಣೆಯ ಜಾಕು. ಹಿಡಿಕೆ ಒತ್ತಿದರೆ ಜಾಕಿನ ರಾಡು ಮೇಲೇಳುತ್ತದೆ, ಮೇಲಿಟ್ಟದ್ದನ್ನು ಚೌಕಟ್ಟಿನ ತಲೆಗೆ ಒತ್ತುತ್ತದೆ. ಅಷ್ಟೇ.

"ಕಂಪನಿ ಮಾಲಲ್ಲ ಕಣಪ್ಪ, ಮೊದ್ಲೇ ಹೇಳ್ಬಿಡ್ತೀನಿ," ಅಂದ ಸಿದ್ದಪ್ಪ. ಬೆಂಕಿ ನೋಡಿ ನೋಡಿ ಕೆಂಪಾದ ಕಣ್ಣಿನ ಮುದುಕ. "ಲಾರಿ ಚಾಸಿ ಕೊಯ್ದು ಫ್ರೇಮ್ ಮಾಡಿದೀನಿ. ಅದು ನಿನ್ನ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ. ಜಾಕು ಹಳೇದು, ಹತ್ತು ಟನ್ನಿಂದು. ಒಳಗಿನ ರಬ್ಬರ್ ವಾಷರು ನಾನೇ ಕೊಯ್ದು ಹಾಕಿರೋದು. ಅದರ ಜವಾಬ್ದಾರಿ ನಿಂದು."

"ಏನ್ ಜವಾಬ್ದಾರಿ?"

ಸಿದ್ದಪ್ಪ ಹಿಡಿಕೆ ಒತ್ತಿ ರಾಡನ್ನು ಗೇಣುದ್ದ ಎಬ್ಬಿಸಿದ. ಅದು ಕನ್ನಡಿಯ ಹಾಗೆ ಹೊಳೆಯಿತು. "ಇದು ಕಣ್ಣಿದ್ದಂಗೆ. ಕಣ್ಣಿಗೆ ಒಂದು ಮರಳಿನ ಕಾಳು ಬಿದ್ರೆ ತಡೀತೀಯಾ? ರಾಡು ಮೇಲಿದ್ದಾಗ ಏನಾರ ಮೆತ್ಕೊಂಡ್ರೆ, ಇಳಿಯೋವಾಗ ಅದನ್ನ ಒಳಕ್ಕೆ ಎಳ್ಕೊಳುತ್ತೆ. ವಾಷರ್ ಕೊಯ್ಕೊಂಡು ಹೋಗುತ್ತೆ, ಎಣ್ಣೆ ಕಕ್ಕುತ್ತೆ. ಕೆಲ್ಸ ಮುಗಿದ್ಮೇಲೆ ರಾಡು ಇಳಿಸಿಡು. ಯಾರನ್ನೂ ಮುಟ್ಟಕ್ಕೆ ಬಿಡ್ಬೇಡ."

ಪ್ರೆಸ್ಸಿನ ಬದಲಿಗೆ ಸಿದ್ದಪ್ಪ ಕೇಳಿದ್ದು ಬೈಕನ್ನು. ತರೀಕೆರೆಯ ಗುಜರಿಯಿಂದ ಬರೀ ಅಸ್ಥಿಪಂಜರವಾಗಿ ತಂದು, ಎರಡು ವರ್ಷ ಕೂತು ಚೌಡಪ್ಪ ಜೀವ ತುಂಬಿದ್ದ ಜಾವಾ ಅದು. ಅವನು ಬೀಗದ ಕೈ ಕೊಟ್ಟ. ಸಿದ್ದಪ್ಪ ಒಂದು ಸಲ ಒದ್ದ, ಬೈಕು ಎದ್ದಿತು. ಬೇರೆಯವನ ಕಾಲಿಗೂ ಒಂದೇ ಏಟಿಗೆ ಎದ್ದದ್ದು ಕಂಡು ಚೌಡಪ್ಪ ಮುಖ ತಿರುಗಿಸಿದ. ಎರಡು ದಿನವಾದರೂ ಹಟ ಮಾಡಬಾರದಿತ್ತೇ ಅದು.

ಈರುಳ್ಳಿ ಇಳಿಸಿ ಖಾಲಿ ಬರುತ್ತಿದ್ದ ಲಾರಿಯಲ್ಲಿ ಪ್ರೆಸ್ಸು ಅಜ್ಜಂಪುರಕ್ಕೆ ಬಂತು. ಶೆಡ್ಡಿನೊಳಗೆ ನಿಲ್ಲಿಸುವ ಹೊತ್ತಿಗೆ ಅವನ ತಾಯಿ ಭಾಗಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಸುತ್ತ ಒಂದು ಸಲ ತಿರುಗಿ ನೋಡಿದಳು.

"ಇದೇನಾ ಮಗಾ ಅದು? ನಿನ್ನ ಗಾಡಿ ನುಂಗಿದ್ದು?"

"ಇದೇ ಕಣವ್ವ."

"ಆನೆ ನಿಂತಂಗೆ ಐತೆ ಬಿಡು," ಅಂದು ಕೈ ಚಾಚಿದಳು.

ಮುಟ್ಟಬೇಡ ಅನ್ನುವ ಮಾತು ಚೌಡಪ್ಪನ ನಾಲಿಗೆಯ ತುದಿಗೆ ಬಂದಿತ್ತು. ಅಲ್ಲೇ ನಿಂತಿತು. ಊರ ಬಾವಿಯ ಹತ್ತಿರ, ಹೋಟೆಲಿನ ಹೊರಬೆಂಚಿನ ಮೇಲೆ, ಇದೇ ಗಂಗಾಧರಯ್ಯನವರ ಅಂಗಳದಲ್ಲಿ ಈರುಳ್ಳಿ ಆರಿಸುವಾಗ ಆ ಹೆಂಗಸು ಐವತ್ತು ವರ್ಷದಿಂದ ಕೇಳಿಕೊಂಡು ಬಂದ ಮಾತು ಅದೊಂದೇ. ಮೊನ್ನೆ ಮಂಡಿಯ ಮುಂದೆ ತಾನು ಕೇಳಿದ್ದೂ ಅದನ್ನೇ. ಹೊಟ್ಟೆಯಲ್ಲಿ ಹುಟ್ಟಿದವನ ಬಾಯಿಂದಲೂ ಕೇಳಬೇಕೇ?

"ಹುಷಾರು ಕಣವ್ವ," ಅಂದ, ಅಷ್ಟೇ.

"ಹುಷಾರಾಗೇ ಇರ್ತೀನಿ, ನಂಗೇನ್ ಗೊತ್ತಾಗಲ್ವಾ?" ಭಾಗಮ್ಮ ಕಬ್ಬಿಣ ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಗಡುವಿನ ಹಿಂದಿನ ದಿನ, ಭಾನುವಾರ ಸಾಯಂಕಾಲ ಅವನು ಒಂದು ಗುಜರಿ ಬೇರಿಂಗನ್ನು ಒತ್ತಿ ನೋಡಿದ. ಬೆಣ್ಣೆಯೊಳಗೆ ಬೆರಳು ಹೋದ ಹಾಗೆ ಹೋಯಿತು. ಒಬ್ಬನೇ ನಕ್ಕ. ಸೀಮೆಎಣ್ಣೆ ಬಟ್ಟೆಯಲ್ಲಿ ರಾಡನ್ನು ಒರೆಸಿದ. ಇಳಿಸಿಡು ಅಂದಿದ್ದ ಸಿದ್ದಪ್ಪನ ಮಾತು ನೆನಪಿತ್ತು, ಆದರೂ ಇಳಿಸಲಿಲ್ಲ. ನಾಳೆ ಬರುವವರಿಗೆ ಬಾಗಿಲಿನಿಂದಲೇ ಆ ಹೊಳಪು ಕಣ್ಣಿಗೆ ಹೊಡೆಯಲಿ ಅಂತ ಗೇಣುದ್ದ ಎಬ್ಬಿಸಿಯೇ ಬಿಟ್ಟ.

ಸೋಮವಾರ ಬೆಳಗ್ಗೆ ತಾನೇ ಮಂಡಿಗೆ ಹೋಗಿ ಕರೆದ. ಗಂಗಾಧರಯ್ಯನವರು ಇಸ್ತ್ರಿ ಮಾಡಿದ ಪಂಚೆ ಉಟ್ಟು ಹೊರಟರು. ಕಾರಿನಿಂದ ಬಿಚ್ಚಿದ ಹಬ್ಬನ್ನು, ಬೇರಿಂಗ್ ಕೂರುವ ಚಕ್ರದ ನಡುಭಾಗವನ್ನು, ಮುದ್ದಪ್ಪ ಹೆಗಲ ಮೇಲೆ ಹೊತ್ತ. ಹಿಂದೆ ಹನ್ನೆರಡು ಹದಿನೈದು ಜನ. ಕೇರಿಯೊಳಗೆ ಗಂಗಾಧರಯ್ಯನವರು ಕಾಲಿಟ್ಟದ್ದು ಅದೇ ಮೊದಲು, ಪಂಚೆಯನ್ನು ಎರಡು ಕೈಯಲ್ಲೂ ಎತ್ತಿ ಹಿಡಿದಿದ್ದರು.

ಶೆಡ್ಡಿನ ಬಾಗಿಲಲ್ಲಿ ಭಾಗಮ್ಮ ಸ್ನಾನ ಮಾಡಿ, ಮಡಿ ಸೀರೆ ಉಟ್ಟು, ಆರತಿ ತಟ್ಟೆ ಹಿಡಿದು ನಿಂತಿದ್ದಳು. ಪ್ರೆಸ್ಸಿನ ಕಂಬಗಳಿಗೆ ವಿಭೂತಿಯ ಪಟ್ಟೆ, ಕುಂಕುಮದ ಬೊಟ್ಟು. ನಡುವೆ ನಿಂತ ರಾಡಿಗೆ ಚೆಂಡುಹೂವಿನ ಹಾರ, ಎರಡು ಸುತ್ತು.

"ಹೊಸಾ ಯಂತ್ರ. ಹಂಗಂಗೇ ಶುರು ಮಾಡ್ಬಾರ್ದು ಮಗಾ," ಅಂದಳು ಮೆಲ್ಲಗೆ.

"ಪರವಾಗಿಲ್ವೋ ಚೌಡ, ಪೂಜೆನೂ ಆಗ್ಬಿಟ್ಟಿದೆ," ಅಂದರು ಗಂಗಾಧರಯ್ಯನವರು. "ಹೂಂ, ತೋರ್ಸು."

ಚೌಡಪ್ಪನ ತಲೆಗೆ ರಕ್ತ ಏರಿತ್ತು. ಹಬ್ಬು ಇಡಲು ಜಾಗ ಬೇಕು ಅಂತ ಜಾಕಿನ ತಿರುಪು ಸಡಿಲಿಸಿದ. ರಾಡು ಇಳಿಯಿತು. ಹಾರ ಜಾರಿ ಜಾಕಿನ ಕುತ್ತಿಗೆಗೆ ಬಂದು ಕೂತಿತು. ಅದನ್ನು ಎತ್ತಿದಾಗ ಕಂಡಿತು: ಕುತ್ತಿಗೆಯ ಸುತ್ತ ವಿಭೂತಿ, ಕುಂಕುಮ ಕಲೆಸಿದ ಕೆಸರು, ಅದರಲ್ಲಿ ಅಕ್ಷತೆಯ ಕಾಳು. ಹಾರದ ಕೆಳಗೆ, ಯಂತ್ರದ ಮುಖ ಅಂದರೆ ಹೊಳೆಯುವ ಭಾಗವೇ ಅಂದುಕೊಂಡು, ಅವ್ವ ರಾಡಿಗೇ ಎಲ್ಲಕ್ಕಿಂತ ದಪ್ಪಗೆ ಬಳಿದಿದ್ದಳು.

ಎರಡು ಬೆರಳಿನಲ್ಲಿ ಬಳಿದು ತೆಗೆದ. ಒಳಗೆ ಹೋದದ್ದು ಒಳಗೆ ಹೋಗಿತ್ತು. ಇವತ್ತು ಬೇಡ, ಜಾಕು ಬಿಚ್ಚಿ ತೊಳೆಯಬೇಕು ಅನ್ನಬಹುದಿತ್ತು. ಯಾಕೆ ಅಂತ ಕೇಳುತ್ತಾರೆ. ಯಾಕೆ ಅಂತ ಹೇಳಬೇಕು.

"ಯಾಕೋ ನಿಂತೆ? ಮಂತ್ರ ಮರ್ತೋಯ್ತಾ?" ಅಂದ ಮುದ್ದಪ್ಪ.

ಚೌಡಪ್ಪ ಹಬ್ಬು ಇಟ್ಟ, ಹೊಸ ಬೇರಿಂಗ್ ಕೂರಿಸಿದ, ಹಿಡಿಕೆ ಒತ್ತಿದ. ಮೂರು ಒತ್ತಿಗೆ ಬೇರಿಂಗು ಮಿಸುಕಿತು. ಆರಕ್ಕೆ ನೆಟ್ಟಗೆ, ಒಂದು ನೂಲೂ ವಾರೆಯಾಗದೆ ಇಳಿಯತೊಡಗಿತು. ನಗೆ ನಿಂತಿತು. ಗಂಗಾಧರಯ್ಯನವರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಬಗ್ಗಿದರು. "ಅಲಲಲಾ," ಅಂದ ಯಾರೋ ಹಿಂದಿನಿಂದ. ಅರ್ಧ ಹೋಯಿತು.

ಆಮೇಲೆ ಹಿಡಿಕೆ ಹಗುರವಾಯಿತು.

ಮತ್ತೆ ಒತ್ತಿದ. ಗಾಳಿಯನ್ನು ಒತ್ತಿದ ಹಾಗಿತ್ತು. ಇನ್ನೂ ಜೋರಾಗಿ, ಹಲ್ಲು ಕಚ್ಚಿ ಒತ್ತಿದ. ಜಾಕಿನ ಕುತ್ತಿಗೆಯಿಂದ ಎಣ್ಣೆ ಒಸರಿ, ಉಕ್ಕಿ, ಎಲೆಯಡಿಕೆ ಉಗುಳಿದ ಹಾಗೆ ಕೆಂಪಗೆ ನೆಲಕ್ಕೆ ಹರಿಯಿತು. ರಾಡು ತಾನಾಗಿಯೇ ಮೆಲ್ಲಗೆ ಕೆಳಗೆ ಹೋಯಿತು. ಬೇರಿಂಗು ಅರ್ಧ ಒಳಗೆ, ಅರ್ಧ ಹೊರಗೆ ಸಿಕ್ಕಿಕೊಂಡಿತು.

ಮುದ್ದಪ್ಪ ಬಗ್ಗಿ ಎಣ್ಣೆಯನ್ನು ಬೆರಳಿನಲ್ಲಿ ಮುಟ್ಟಿ ನೋಡಿದ. "ಇದೇನೋ ಕುಂಕುಮ? ಯಾರೋ ಜಾಕಿನೊಳಕ್ಕೆ ಕುಂಕುಮ ಹಾಕಿದ್ದು?"

ಭಾಗಮ್ಮನ ಕೈಯಲ್ಲಿ ತಟ್ಟೆ ಇನ್ನೂ ಇತ್ತು. ಬಲಗೈಯ ಮೂರು ಬೆರಳು ಇನ್ನೂ ಕೆಂಪಗಿದ್ದವು. ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಬುದ್ಧೀ, ಅದು ನಾನು..."

ಚೌಡಪ್ಪ ಹಿಡಿಕೆಯನ್ನು ಕಿತ್ತು ಕಬ್ಬಿಣದ ಕಂಬಕ್ಕೆ ಬೀಸಿ ಹೊಡೆದ. ಶೆಡ್ಡಿನ ತಗಡೆಲ್ಲ ಝಣಗುಟ್ಟಿ, ಅವಳ ಮಾತು ಅದರಲ್ಲಿ ಮುಳುಗಿತು. ಜನ ಬೆಚ್ಚಿ ಹಿಂದೆ ಸರಿದರು. ಅವನು ತಾಯಿಯ ಕಡೆ ನೋಡಿದ. ಅವಳು ಬಾಯಿ ಮುಚ್ಚಿಕೊಂಡಳು.

"ಮತ್ತೆ ಹೊಡ್ದ ನೋಡಿ!" ಅಂದ ಮುದ್ದಪ್ಪ. ಈ ಸಲ ಎಲ್ಲರೂ ನಕ್ಕರು.

ಗಂಗಾಧರಯ್ಯನವರು ಕನ್ನಡಕ ತೆಗೆದರು. ಅವರಿಗೆ ಸಿಟ್ಟೂ ಬಂದಿರಲಿಲ್ಲ. "ಏನಾಯ್ತು ಹೇಳಪ್ಪ. ಅವತ್ತು ಬಾಯಿ ಇತ್ತಲ್ಲ? ಮಾಲು ಕೆಟ್ಟದ್ದೋ, ಕೆಲಸ ಕೆಟ್ಟದ್ದೋ? ಯಾರ ತಪ್ಪು ಇದು?"

ಯಂತ್ರ ಸರಿಯಿತ್ತು. ಅರ್ಧ ಇಳಿದ ಆ ಬೇರಿಂಗು ಅದನ್ನು ಹೇಳುತ್ತಿತ್ತು. ಇನ್ನೊಂದು ಮಾತು ಹೇಳಿದರೆ ಸಾಕು, ಅವನ ಕಸುಬು ಉಳಿಯುತ್ತಿತ್ತು. ಆ ಮಾತು ಅವನ ಬಾಯಲ್ಲಿ ಸಿದ್ಧವಾಗಿಯೇ ಇತ್ತು.

ಅವನು ಜೇಬಿನಿಂದ ಸ್ಪ್ಯಾನರ್ ತೆಗೆದು ಪ್ರೆಸ್ಸಿನ ಹಲಗೆಯ ಮೇಲೆ ಇಟ್ಟ. ಬಾಗಿಲಿಗೆ ಅಡ್ಡ ನಿಂತಿದ್ದ ಜನರ ನಡುವೆಯೇ ನುಗ್ಗಿ, ಎಲ್ಲರ ಕಣ್ಣೂ ಶೆಡ್ಡನ್ನು ಬಿಟ್ಟು ತನ್ನ ಬೆನ್ನ ಹಿಂದೆಯೇ ಬರುವ ಹಾಗೆ ಬೀದಿಗಿಳಿದ.

"ಲೇ ಚೌಡ! ನಿನ್ನನ್ನೇ ಕಣೋ ಕೇಳ್ತಿರೋದು! ಯಾರ ತಪ್ಪು ಅಂತ ಹೇಳೋಗೋ!"

ಬೈಕು ಇರಲಿಲ್ಲ. ಬುಕ್ಕಾಂಬುಧಿಯ ರಸ್ತೆಯಲ್ಲಿ, ಎಣ್ಣೆಯ ಕೈಯನ್ನು ಚಡ್ಡಿಗೆ ಒರೆಸಿಕೊಳ್ಳುತ್ತ, ಅವನು ನಡೆದೇ ಹೋದ.