ಎಂಟನೇ ಕಂತು

ಶ್ರಾವಣದಿಂದ ಹಿಡಿದು ಮೂರು ತಿಂಗಳು ನೀರಜಾಳನ್ನು ಹೊರಗಾಗಲು ಬಿಡಲಿಲ್ಲ. ರಾಯರ ಆರಾಧನೆಗೆ ಒಂದು ಸಲ, ಪಕ್ಷಮಾಸದ ಶ್ರಾದ್ಧಕ್ಕೆ ಒಂದು ಸಲ, ನವರಾತ್ರಿಗೆ ಒಂದು ಸಲ, ತಿಂಗಳ ಸ್ರಾವವನ್ನು ಮುಂದೂಡುವ ಮಾತ್ರೆಯನ್ನು ಅತ್ತೆ ರಮಾಬಾಯಿ ಬೆಳಗಿನ ಕಾಫಿ ಲೋಟದ ಪಕ್ಕದಲ್ಲಿಟ್ಟರು. ನಡುವೆ ನಿಲ್ಲಿಸಗೊಡದೆ, ದೀಪಾವಳಿಯವರೆಗೂ. ಅವಳು ನುಂಗಿದಳು.

ಈಗ ಕಾರ್ತಿಕದಲ್ಲಿ ಮತ್ತೆ ಮಾತ್ರೆ ಬಂದಿತ್ತು.

"ಇವತ್ತಿಂದ ಶುರು ಮಾಡ್ಬಿಡಮ್ಮಾ," ಎಂದರು ರಮಾಬಾಯಿ, ಒದ್ದೆ ಮಡಿಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾ. "ಭಾನುವಾರ ನಿಮ್ಮಾವನ ಷಷ್ಟ್ಯಬ್ದಿ. ಮೂವತ್ತು ಎಲೆ ಬೀಳತ್ತೆ. ನೀನು ಹೋಗಿ ಹಿಂದೆ ಕೂತ್ಬಿಟ್ಯೋ, ನಾನೊಬ್ಬಳೇ ಅಡಿಗೆಮನೇಲಿ ಸಾಯ್ಬೇಕು. ಆ ಅಡಿಗೆ ಮಾಮೀನ ನಂಬೋ ಹಾಗಿಲ್ಲ."

"ಹೊಟ್ಟೆ ಉಬ್ಬರಿಸತ್ತೆ ಅತ್ತೆ. ಹೋದ ಸಲ ಪಾದ ಊದಿ ಚಪ್ಪಲಿಗೇ ಹಿಡೀಲಿಲ್ಲ."

"ಊದತ್ತೆ, ಇಳಿಯತ್ತೆ. ಎಲ್ಲಾರ್ ಮನೇಲೂ ತಗೋತಾರೆ. ನಮ್ ಕಾಲದಲ್ಲಿ ಈ ಸೌಕರ್ಯ ಎಲ್ಲಿತ್ತು, ಸೊಲ್ಲು?" ಮಾತಿನ ನಡುವೆ ಅವರಿಗೆ ಊರಿನ ತಮಿಳು ಬರುತ್ತಿತ್ತು.

ಮದುವೆಯಾಗಿ ನಾಲ್ಕು ವರ್ಷವಾಯಿತು, ಇನ್ನೂ ಏನೂ ವಿಶೇಷ ಇಲ್ಲವಾ ಎಂದು ಏಕಾದಶಿ ಏಕಾದಶಿಗೆ ಕೇಳುವುದೂ ಇದೇ ಬಾಯಿ. ನೀರಜಾ ಮಾತ್ರೆಯನ್ನು ನಾಲಿಗೆಯ ಅಡಿಗೆ ತಳ್ಳಿಕೊಂಡು ಕಾಫಿ ಕುಡಿದಳು. ಲೋಟ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ಕರಿಬೇವಿನ ಕುಂಡಕ್ಕೆ ಉಗಿದಳು. ಮೇಲೆ ಒಂದಿಷ್ಟು ಮಣ್ಣು ಎಳೆದಳು. ಈ ಮನೆಗೆ ಬಂದಮೇಲೆ ಅವಳು ಮಾಡಿದ ಮೊದಲ ಕಳ್ಳತನ ಅದು.

ಅವಳಿಗೆ ಬೇಕಾಗಿದ್ದುದು ಹಿಂದಿನ ರೂಮು.

ಕ್ರೋಂಪೇಟೆಯ ಆ ಹಳೆಯ ಮನೆಯಲ್ಲಿ ಬಾವಿಕಟ್ಟೆಗೆ ಅಂಟಿಕೊಂಡಂತೆ ಒಂದು ಸಣ್ಣ ರೂಮಿತ್ತು. ಖಾಲಿ ಸಿಲಿಂಡರು, ಹಳೇ ಪೇಪರು, ಮುರಿದ ತೊಟ್ಟಿಲು. ತಿಂಗಳಿಗೆ ಮೂರು ದಿನ ಮನೆಯ ಹೆಂಗಸು ಅಲ್ಲಿ ಕೂರಬೇಕು. ಅವಳನ್ನು ಯಾರೂ ಸೋಕುವಂತಿಲ್ಲ, ಅವಳು ಯಾವುದನ್ನೂ ಸೋಕುವಂತಿಲ್ಲ. ತಟ್ಟೆಯನ್ನು ಹೊಸ್ತಿಲಲ್ಲಿಟ್ಟು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಗಂಡ ವಿಠ್ಠಲ ಆ ದಿಕ್ಕಿಗೆ ತಲೆಯೇ ಹಾಕುವುದಿಲ್ಲ. ಮೈಸೂರಿನ ತವರಿನಲ್ಲಿ ಇಷ್ಟೆಲ್ಲ ಇರಲಿಲ್ಲ. ಮೊದಲ ವರ್ಷ ನೀರಜಾ ಆ ರೂಮಿನಲ್ಲಿ ಕೂತು ರೈಲಿನ ಸದ್ದು ಕೇಳುತ್ತಾ ಅತ್ತಿದ್ದಳು. ಕೂತವರ ಕಣ್ಣಿಗೆ ಸರಿಯಾಗಿ ಗೋಡೆಯ ಸುಣ್ಣದಲ್ಲಿ ಯಾರೋ ಒಂದು ಗಿಳಿಯನ್ನು ಕೆರೆದಿದ್ದರು. ಹೇರ್‌ಪಿನ್ನಿನಿಂದಿರಬೇಕು. ರೆಕ್ಕೆಯ ಒಂದೊಂದು ಗರಿಯನ್ನೂ ಬಿಡದೆ. ಅದಕ್ಕೆ ಎಷ್ಟು ತಿಂಗಳು ಹಿಡಿಯಿತೋ. ಮನೆಯಲ್ಲಿ ಆ ರೂಮಿನಲ್ಲಿ ಕೂತವರು ಅವಳಿಗಿಂತ ಮುಂಚೆ ಒಬ್ಬರೇ. ನೀರಜಾ ಯಾವತ್ತೂ ಕೇಳಿರಲಿಲ್ಲ.

ಎರಡನೇ ವರ್ಷ ವಿಠ್ಠಲನಿಗೆ ಮಣಲಿಯ ಕಾರ್ಖಾನೆಯವರು ಲ್ಯಾಪ್‌ಟಾಪ್ ಕೊಟ್ಟರು. ಮನೆಯ ಕಂಪ್ಯೂಟರು ಬೇಡದ ಸಾಮಾನಿನ ಜೊತೆಗೆ ಹಿಂದಿನ ರೂಮಿಗೆ ಹೋಯಿತು. ಅದನ್ನು ಹೊರಗಾದವಳು ಸೋಕಬಹುದೋ ಕೂಡದೋ ಎಂದು ದೊಡ್ಡ ಚರ್ಚೆಯೇ ನಡೆಯಿತು. ಮಾವ ಪಂಢರಿನಾಥರು ಶಾಸ್ತ್ರದಲ್ಲಿ ಕಂಪ್ಯೂಟರಿನ ವಿಷಯ ಬಂದಿಲ್ಲ ಎಂದು ಪೇಪರಿನ ಹಿಂದೆ ಅಡಗಿಕೊಂಡರು. ಕೊನೆಗೆ ತೀರ್ಪು ಕೊಟ್ಟವರು ರಮಾಬಾಯಿ. "ಪ್ಲಾಸ್ಟಿಕ್ ತಾನೆ? ಬಕೆಟ್ಟು ಮುಟ್ಟೋದಿಲ್ವಾ, ಹಾಗೇ. ನಾಲ್ಕನೇ ದಿನ ನೀರು ಪ್ರೋಕ್ಷಣೆ ಮಾಡಿದ್ರೆ ಆಯ್ತು." ಹಾಗೆ ಪ್ರೋಕ್ಷಣೆ ಮಾಡಿ ಮಾಡಿ ಕೀಬೋರ್ಡಿನ ಎರಡು ಕೀಗಳು ಸತ್ತುಹೋಗಿದ್ದವು.

ಫೋನಿನ ತಂತಿ ಎಳೆದು, ಅಷ್ಟು ಹೊತ್ತು ಮನೆಯ ಫೋನನ್ನು ಎಂಗೇಜು ಮಾಡಿ, ಇಂಟರ್‌ನೆಟ್ ಹಾಕುವುದನ್ನು ಕಲಿಸಿದವಳು ನಾದಿನಿ ಅಕ್ಷಯಾ. ಇಂಜಿನಿಯರಿಂಗ್ ಓದುವ ಹುಡುಗಿ. ತಾನು ಹೊರಗಾದರೆ ಅವಳು ಅಮ್ಮನಿಗೆ ಹೇಳುವುದೇ ಇಲ್ಲ.

"ನಿಮಗೇನ್ ಪೈತ್ಯಮಾ ಮನ್ನಿ?" ಎಂದು ಅತ್ತಿಗೆಯ ಹುಚ್ಚಿಗೆ ನಗುತ್ತಿದ್ದಳು. "ಹರಿಶ್ಚಂದ್ರನ ತಂಗಿ ಥರ ಪ್ರತಿ ಮಾಸ ಯಾಕ್ ಹೋಗಿ ಹೇಳ್ಕೋತೀರ? ಸುಮ್ನೆ ಇದ್ಬಿಟ್ರೆ ಯಾರಿಗ್ ತೆರಿಯತ್ತೆ?"

ಹೇಳಿದರೆ ನೀರಜಾಳಿಗೆ ಮೂರು ದಿನ ಸಿಗುತ್ತದೆ. ಸೌಟು ಹಿಡಿಯದ, ಕರೆದರೆ ಓಡದ ಮೂರು ದಿನ. ಆ ಮೂರು ದಿನಗಳಲ್ಲಿ ಅವಳು ಫರ್ಹಾದ್ ಮತ್ತು ಇಳಾರ ಪ್ರೇಮಕಥೆ ಬರೆಯುತ್ತಿದ್ದಳು.

ಫರ್ಹಾದ್–ಇಳಾ ಆ ದಿನಗಳಲ್ಲಿ ಟಿವಿಯ ತುಂಬ ಇದ್ದ ಪಾಪ್ ಜೋಡಿ. ಅವನು ಮುಂಬಯಿಯ ಪಾರ್ಸಿ, ಗಿಟಾರಿನವನು. ಅವಳು ಹುಬ್ಬಳ್ಳಿಯ ಹುಡುಗಿ. ಹಾಡುವುದು ಹಿಂದಿಯಲ್ಲಿ. ಇಂಟರ್‌ನೆಟ್ಟಿನಲ್ಲಿ ಅವರ ಅಭಿಮಾನಿಗಳ ಗುಂಪೊಂದಿತ್ತು, ಅದರೊಳಗೆ ಕನ್ನಡದವರದೇ ಒಂದು ಮೂಲೆ. ಹಾಡಿನಲ್ಲಿ ಅಷ್ಟು ಪ್ರೀತಿ ಸುರಿಸುವ ಅವರಿಬ್ಬರು ಹಾಡಿನಾಚೆ ಏನೂ ಅಲ್ಲವಂತೆ. ಏನೂ ಅಲ್ಲ ಎಂಬುದನ್ನು ನಂಬದ ಹೆಂಗಸರು ಅಲ್ಲಿ ಸೇರಿಕೊಂಡು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟುತ್ತಾ, ಅವರಿಗೆ ಸಂಸಾರ ಕಟ್ಟುತ್ತಿದ್ದರು. ಬೇರೆಯವರ ಕಥೆಗಳಲ್ಲಿ ಮೊದಲ ಪುಟದಲ್ಲೇ ಮುತ್ತು. ನೀರಜಾಳ ಕಥೆಯಲ್ಲಿ ಏಳು ಕಂತಾದರೂ ಬೆರಳಿಗೆ ಬೆರಳು ತಾಗಿರಲಿಲ್ಲ. ಫರ್ಹಾದ್ ಇಳಾಳಿಂದ ಕನ್ನಡ ಕಲಿಯುತ್ತಾನೆ. ಅವಳು ಅರ್ಧ ಕುಡಿದಿಟ್ಟ ಟೀ ಆರಿದೆಯೆಂದು ಬೇರೆ ತರಿಸುತ್ತಾನೆ. ಅಷ್ಟಕ್ಕೇ ಮಸ್ಕತ್ತಿನಿಂದ, ಪುಣೆಯಿಂದ, ಶಿರಸಿಯ ಯಾವುದೋ ಸೈಬರ್ ಸೆಂಟರಿನಿಂದ ಓಲೆಗಳು ಬರುತ್ತಿದ್ದವು. ತಿಂಗಳಿಗೊಂದೇ ಕಂತು ಯಾಕೆ ಬರೆಯುತ್ತೀರಿ ಎಂದು ಅವರು ಕೇಳುತ್ತಿದ್ದರು. ಕೆಲಸ ಜಾಸ್ತಿ ಎಂದು ನೀರಜಾ ಬರೆಯುತ್ತಿದ್ದಳು.

ಒಮ್ಮೆ ಒಳಗಿದ್ದ ದಿನ ರೂಮಿಗೆ ಹೋಗಿ ನೋಡಿದ್ದಳು. ಕಂಪ್ಯೂಟರು ಹಚ್ಚುವುದರೊಳಗೆ ರಮಾಬಾಯಿಯ ಸ್ವರ ಕೇಳಿತ್ತು. "ಮಡೀಲಿರೋವಾಗ ಆ ರೂಮಲ್ಲಿ ಏನು ಕೆಲಸ? ಸೀಕ್ರಂ ಬಾ, ಒಗ್ಗರಣೆ ಸೀದ್ಹೋಗತ್ತೆ."

ಆಷಾಢದಲ್ಲಿ ಬರೆದ ಏಳನೇ ಕಂತಿನ ಕೊನೆಯಲ್ಲಿ ಸ್ಟುಡಿಯೋದಲ್ಲಿ ಕರೆಂಟು ಹೋಗಿತ್ತು. ಒಂದೇ ಬೆಂಚಿನ ಮೇಲೆ ಫರ್ಹಾದ್, ಇಳಾ. ಕತ್ತಲಲ್ಲಿ ಅವನ ಕೈ ಅವಳ ಕೈಯಿಂದ ಒಂದು ಗೇಣು ದೂರದಲ್ಲಿತ್ತು. ಆಮೇಲೆ ಮಾತ್ರೆಗಳು ಶುರುವಾದವು. ಅಂದಿನಿಂದ ಅವರಿಬ್ಬರೂ ಆ ಕತ್ತಲಲ್ಲೇ ಕೂತಿದ್ದರು. ಸಾರಿಗೆ ಹುಣಿಸೆ ಕಿವುಚುವಾಗ, ಮಾವನ ಪಂಚೆ ಹಿಂಡುವಾಗ, ನೀರಜಾಳಿಗೆ ಆ ಬೆಂಚು ನೆನಪಾಗಿ ಮೈ ಬೆಚ್ಚಗಾಗುತ್ತಿತ್ತು. ಮಂಚದಲ್ಲಿ ಪಕ್ಕದಲ್ಲೇ ಮಲಗಿದ ಮನುಷ್ಯ ದೀಪ ಆರಿಸಿ ಗೋಡೆಯ ಕಡೆ ಹೊರಳುತ್ತಿದ್ದ. ಕೆಲವು ವಾರ ಹೊರಳುತ್ತಿರಲಿಲ್ಲ. ಆಗಲೂ ಅವನು ಅವಳ ಕೈ ಹಿಡಿದದ್ದು ಅವಳಿಗೆ ನೆನಪಿಲ್ಲ.

ದೀಪಾವಳಿ ಕಳೆದ ವಾರ ಟಿವಿಯಲ್ಲಿ ಸುದ್ದಿ ಬಂತು. ಜೋಡಿ ಬೇರೆಯಾಗುತ್ತಿತ್ತು. ನಡುಮನೆಯಲ್ಲಿ ಬದನೆಕಾಯಿ ಹೆಚ್ಚುತ್ತಾ ಕೂತಿದ್ದ ನೀರಜಾ ಚಾಕು ನಿಲ್ಲಿಸಿ ನೋಡಿದಳು. ಸೋಫಾದ ಆ ತುದಿಗೆ ಫರ್ಹಾದ್, ಈ ತುದಿಗೆ ಇಳಾ. ನಾವು ಯಾವತ್ತೂ ಸ್ನೇಹಿತರೂ ಆಗಿರಲಿಲ್ಲ ಎಂದು ಅವನು ನಗುತ್ತಾ ಹೇಳಿದ. ಇಳಾಳೂ ನಕ್ಕಳು. ಆದರೆ ಅವಳ ಎಡಗೈ ಇಬ್ಬರ ನಡುವಿನ ಖಾಲಿ ಜಾಗದಲ್ಲಿ ಅಂಗೈ ಮೇಲಾಗಿ ಬಿದ್ದಿತ್ತು. ಅದು ಸುಮ್ಮನೆ ಹಾಗೆ ಬಿದ್ದಿದ್ದಿರಬಹುದು. ಅವಳು ನಿಜವಾದ ಹೆಂಗಸು, ಅವಳ ಮನಸ್ಸಿನಲ್ಲಿ ಏನಿತ್ತೋ. ತಾನು ಕ್ರೋಂಪೇಟೆಯಲ್ಲಿ ಕೂತು ಅವಳ ಕೈಯನ್ನು ಕಥೆಯೊಳಕ್ಕೆ ಎಳೆದುಕೊಳ್ಳುವುದು ಸರಿಯೋ ಎಂದು ನೀರಜಾಳಿಗೆ ಒಂದು ಕ್ಷಣ ನಾಚಿಕೆಯಾಯಿತು. ಆದರೂ ಆ ಅಂಗೈ ಅವಳನ್ನು ಬಿಡಲಿಲ್ಲ.

ಗುಂಪು ನಡೆಸುತ್ತಿದ್ದ ಪುಣೆಯ ಹೆಂಗಸು ಎರಡು ಸಾಲು ಬರೆದು ಹಾಕಿದ್ದಳು. ಜೋಡಿಯೇ ಇಲ್ಲದ ಮೇಲೆ ನಾವೇಕೆ, ತಿಂಗಳ ಕೊನೆಯ ಭಾನುವಾರ ಸಂಜೆ ಗುಂಪು ಮುಚ್ಚುತ್ತೇನೆ, ಬರೆಯುವುದಿದ್ದವರು ಬರೆದುಬಿಡಿ. ಅಕ್ಷಯಾ ಕಾಲೇಜಿನಲ್ಲಿ ಅದನ್ನು ನೋಡಿ ಬಂದು ಹೇಳಿದಳು. "ಮಸ್ಕತ್ ಮೇಡಮ್ ನಿಮ್ಮನ್ನೇ ಕೇಳ್ತಿದಾರೆ ಮನ್ನಿ. ಕೈ ಹಿಡಿಸದೆ ಕಥೆ ಬಿಡಬೇಡಿ, ಪಾಪ ಸುತ್ತಿಕೊಳ್ಳತ್ತೆ ಅಂತ."

ಮಾರನೆಯ ಬೆಳಿಗ್ಗೆಯೇ ರಮಾಬಾಯಿ ಮಾತ್ರೆ ಇಟ್ಟದ್ದು. ಕೊನೆಯ ಭಾನುವಾರವೂ ಷಷ್ಟ್ಯಬ್ದಿಯ ಭಾನುವಾರವೂ ಒಂದೇ ಆಗಿತ್ತು.

ಶನಿವಾರ ಬೆಳಿಗ್ಗೆ ನೀರಜಾ ಅಡಿಗೆಮನೆಯ ಬಾಗಿಲಲ್ಲಿ ದೂರ ನಿಂತು ಹೇಳಿದಳು. "ಅತ್ತೆ, ನಾನು ಹೊರಗಾದೆ."

ರಮಾಬಾಯಿ ಹಿಟ್ಟಿನ ಕೈಯಲ್ಲೇ ಹಣೆ ಚಚ್ಚಿಕೊಂಡರು. "ಮಾತ್ರೆ ನುಂಗಿದ್ಯೋ ಇಲ್ವೋ? ನಿಜ ಹೇಳು."

"ಇಲ್ಲ."

ಮಧ್ಯಾಹ್ನ ವಿಠ್ಠಲ ಶಿಫ್ಟು ಮುಗಿಸಿ, ಸ್ನಾನ ಮಾಡಿ, ಹಿಂದಿನ ರೂಮಿನ ಹೊಸ್ತಿಲಾಚೆ ಬಂದು ನಿಂತ. ಮೊದಲ ಸಲ ಬಂದಿದ್ದ.

"ಬೇಕೂಂತಲೇ ಮಾಡಿದ್ಯಾ?"

"ಹ್ಞೂಂ."

"ಯಾಕೆ?"

"ಇಲ್ಲಿ ಕೂತ್ಕೋಬೇಕಿತ್ತು."

"ಈ ಗೋಡೌನಲ್ಲಾ? ಯಾರಾದ್ರೂ ಇಷ್ಟಪಟ್ಟು ಬಂದು ಇಲ್ಲಿ ಕೂತ್ಕೋತಾರೇನೇ? ಅಮ್ಮಂಗೆ ಎಷ್ಟು ಕಷ್ಟ, ಯೋಚನೆ ಮಾಡಿದ್ಯಾ? ಇಲ್ಲಿ ಏನಿದೆ ಅಂಥದ್ದು?"

ನೀರಜಾ ಕುರ್ಚಿಯಿಂದೆದ್ದು ಹೊಸ್ತಿಲವರೆಗೆ ಬಂದು ಕೈ ಚಾಚಿದಳು. "ಒಂದ್ಸಲ ಹಿಡ್ಕೊಳ್ಳಿ."

ವಿಠ್ಠಲ ಕೆಟ್ಟವನಲ್ಲ. ಅವನ ಮುಖದಲ್ಲಿ ಏನೋ ಅಲುಗಾಡಿತು. ಆದರೆ ಕಾಲು ಆಗಲೇ ಹಿಂದೆ ಸರಿದಿತ್ತು. "ಸ್ನಾನ ಆಗಿದೆ ನಂದು," ಎಂದ. "ಊಟ ಕಳಿಸ್ತೀನಿ," ಎಂದು ಹೋದ.

ಚಾಚಿದ ಕೈಯನ್ನು ನೀರಜಾ ನೋಡಿಕೊಂಡಳು. ಅಂಗೈ ಮೇಲಾಗಿತ್ತು. ಅವಳು ಹಿಂದಿರುಗಿ ಕೂತು ಬರೆಯತೊಡಗಿದಳು.

ಭಾನುವಾರ ಬೆಳಿಗ್ಗೆ ಪುರೋಹಿತರ ಮಂತ್ರ ಹಿತ್ತಲವರೆಗೂ ಬರುತ್ತಿತ್ತು. ಹೋಮದ ಹೊಗೆ ಬರುತ್ತಿತ್ತು. ಅಡಿಗೆ ಮಾಮಿ ಮಾತ್ರ ಬರಲಿಲ್ಲ. ಮೊಮ್ಮಗನಿಗೆ ಜ್ವರವಂತೆ. ಒಳಗೆ ಪಾತ್ರೆಗಳು ಬೀಳುವುದು ಕೇಳಿಸಿತು, ಅಕ್ಷಯಾಳನ್ನು ಬೈಯುವುದು ಕೇಳಿಸಿತು. ನೀರಜಾ ಬರೆಯುತ್ತಲೇ ಇದ್ದಳು. ಕತ್ತಲ ಸ್ಟುಡಿಯೋದಲ್ಲಿ ಇಳಾ ಮಾತಾಡುತ್ತಿದ್ದಳು. ಹುಬ್ಬಳ್ಳಿಯ ಮನೆಯ ಬಗ್ಗೆ, ಅಲ್ಲಿ ಯಾರೂ ಯಾರನ್ನೂ ಅಪ್ಪಿಕೊಳ್ಳದ್ದರ ಬಗ್ಗೆ. ಫರ್ಹಾದ್ ಕೇಳುತ್ತಿದ್ದ. ಅವನೇ ಮೊದಲು ಹಿಡಿಯಲಿ ಎಂದು ಓದುವವರೆಲ್ಲ ಕಾಯುತ್ತಿದ್ದರು. ನಿನ್ನೆಯವರೆಗೆ ನೀರಜಾಳೂ ಹಾಗೇ ಅಂದುಕೊಂಡಿದ್ದಳು.

ಬಾಗಿಲಲ್ಲಿ ನೆರಳು ಬಿತ್ತು. ರಮಾಬಾಯಿ. ಮಡಿಸೀರೆಯೆಲ್ಲ ಬೆವರು, ಮೊಣಕೈವರೆಗೆ ಕಡಲೆಹಿಟ್ಟು.

"ಫೋನ್ ಬೇರೆ ಎಂಗೇಜು. ಯಾರನ್ನೂ ಕರೆಯೋಕೆ ಆಗ್ತಿಲ್ಲ," ಎಂದರು. ಆಮೇಲೆ ಸ್ವರ ತಗ್ಗಿಸಿದರು. "ನೋಡು, ಯಾರಿಗೂ ಏನೂ ತಿಳಿಯೋದಿಲ್ಲ. ತಲೆಗೆ ಎರಡು ತಂಬಿಗೆ ಸುರ್ಕೊಂಡು ಒಳಗೆ ಬಂದ್ಬಿಡು. ನಾಲ್ಕನೇ ದಿನ ಅಂತ ನಾನು ಹೇಳ್ತೀನಿ."

ನೀರಜಾ ತಿರುಗಿ ನೋಡಿದಳು. "ಇವತ್ತು ಎರಡನೇ ದಿನ ಅತ್ತೆ."

"ಗೊತ್ತು ಕಣೇ! ದೇವರಿಗೆ ನಾನು ಹೇಳ್ಕೋತೀನಿ. ಪರವಾಗಿಲ್ಲ ಬಾ."

"ಹಾಗಾದ್ರೆ ಇಷ್ಟು ವರ್ಷ ಯಾಕೆ ಪರವಾಗಿರ್ಲಿಲ್ಲ?"

ರಮಾಬಾಯಿಯ ಕಣ್ಣು ನೀರಜಾಳ ಮುಖದಿಂದ ಜಾರಿ ಗೋಡೆಗೆ ಹೋಯಿತು. ಕಂಪ್ಯೂಟರಿನ ಪಕ್ಕದಲ್ಲಿ, ಕೂತವರ ಕಣ್ಣೆತ್ತರಕ್ಕೆ, ಸುಣ್ಣದಲ್ಲಿ ಗಿಳಿ. ಎಷ್ಟೋ ವರ್ಷಗಳಿಂದ ಅವರು ಈ ರೂಮಿನೊಳಕ್ಕೆ ಇಣುಕಿರಲಿಲ್ಲ.

"ಕೊಕ್ಕು ಆಗ್ಲಿಲ್ಲ," ಎಂದರು. "ಅಷ್ಟರಲ್ಲಿ ನಿಂತ್ಹೋಯ್ತು ನಂದು."

ಒಳಗಿಂದ ಪಂಢರಿನಾಥರು ಕೂಗಿದರು. ಎಲೆ ಹಾಕುವ ಹೊತ್ತಾಯಿತು, ಏನು ಮಾಡುತ್ತಿದ್ದೀರಿ ಎಲ್ಲರೂ. ರಮಾಬಾಯಿ ಬೆಚ್ಚಿ ಸೆರಗಿನಿಂದ ಮುಖ ಒರೆಸಿಕೊಂಡರು. ಸ್ವರ ಮತ್ತೆ ಗಟ್ಟಿಯಾಯಿತು.

"ಏಳು. ಸ್ನಾನ ಮಾಡಿ ಬಾ ಒಳಗೆ. ನಾನು ಹೇಳ್ತಿದೀನಿ."

ಲೋಕಲ್ ರೈಲೊಂದು ಹಾದುಹೋಯಿತು. ಮೇಜಿನ ಮೇಲಿನ ಸ್ಟೀಲ್ ಲೋಟ ಸಣ್ಣಗೆ ನಡುಗಿ ನಿಂತಿತು.

"ನಾನು ಹೊರಗಿದೀನಿ ಅತ್ತೆ," ಎಂದಳು ನೀರಜಾ. "ಬರಲ್ಲ."

ಅವಳು ಕಂಪ್ಯೂಟರಿನ ಕಡೆ ತಿರುಗಿದಳು. ಅಲ್ಲಿ, ಇಳಾಳ ಸ್ಟುಡಿಯೋದಲ್ಲಿ, ಇನ್ನೂ ಕರೆಂಟು ಬಂದಿರಲಿಲ್ಲ.