ಎಡಗೈ ಯಾರದು

ಬೀದಿಯವರೆಲ್ಲ ಅವನನ್ನು ಕರೆಂಟಣ್ಣ ಅಂತಲೇ ಕರೆಯುತ್ತಿದ್ದರು. ಗಾಳಿಗೆ ತಂತಿ ಹರಿದರೆ ಇಡೀ ಬಡಾವಣೆ ಈ ಲೈನ್‌ಮ್ಯಾನ್‌ನ ದಾರಿ ಕಾಯುತ್ತಿತ್ತು. ಅವನ ಹೆಂಡತಿ ಟೈಲರಕ್ಕ, ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಒಂದು ಬೆಳಿಗ್ಗೆ ಶೂ ಲೇಸು ಕಟ್ಟಲು ಬಗ್ಗಿದ ಕರೆಂಟಣ್ಣ ಹಾಗೇ ಎಡಕ್ಕೆ ಉರುಳಿಬಿದ್ದ. ಮಿದುಳಿನ ಬಲಭಾಗಕ್ಕೆ ರಕ್ತ ಹೋಗುವ ನಾಳ ಕಟ್ಟಿಕೊಂಡಿದೆ, ಅದಕ್ಕೇ ಎಡಗೈ, ಎಡಗಾಲು ಬಿದ್ದುಹೋಗಿವೆ, ಆದರೆ ಜೀವಕ್ಕೆ ಭಯವಿಲ್ಲ ಅಂದರು ನರರೋಗದ ಡಾಕ್ಟರಮ್ಮ. ಟೈಲರಕ್ಕನಿಗೆ ಹೋದ ಜೀವ ಬಂದಂತಾಯಿತು.

ಅವಳ ಫಜೀತಿ ಶುರುವಾದದ್ದೇ ಆಮೇಲೆ. ತನಗೆ ಪಾರ್ಶ್ವವಾಯು ಹೊಡೆದಿದೆ ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ. ಎಡಗೈ ಎತ್ತಿ ಅಂದರೆ, ಎತ್ತಿದೆನಲ್ಲ ಅನ್ನುತ್ತಿದ್ದ. ಕೈ ಒದ್ದೆ ಬಟ್ಟೆಯ ಹಾಗೆ ಹಾಸಿಗೆಯ ಮೇಲೆ ಬಿದ್ದಿರುತ್ತಿತ್ತು. ಅದನ್ನೇ ಎತ್ತಿ ಕಣ್ಣಿಗೆ ಹಿಡಿದರೆ, ಇದು ನಿನ್ನ ಮೈದುನನದು, ಶುದ್ಧ ಸೋಮಾರಿ, ಕೈ ಇಲ್ಲೇ ಮರೆತು ಹೋಗಿದ್ದಾನೆ ಅಂದ. ವಾರ್ಡಿನಲ್ಲಿದ್ದವರೆಲ್ಲ ನಕ್ಕರು, ಅವಳೂ ನಕ್ಕಳು. ಮರುದಿನವೂ ಅದೇ ಮಾತು ಬಂದಾಗ ಅವಳು ಡಾಕ್ಟರಮ್ಮನ ಕೋಣೆಗೆ ಓಡಿದಳು.

ಇದು ಹಟವಲ್ಲ, ನಾಟಕವೂ ಅಲ್ಲ ಅಂತ ಡಾಕ್ಟರಮ್ಮ ಬಿಡಿಸಿ ಹೇಳಿದರು. ಮೈಯ ಸುದ್ದಿ ತಿಳಿಯಬೇಕಾದ ಭಾಗವೇ ಕೆಟ್ಟಿದೆ. ಹೊಸ ಸುದ್ದಿ ಮುಟ್ಟದೆ ಮಿದುಳು ಹಳೆಯದನ್ನೇ ನಂಬಿಕೊಂಡು ಕೂತಿದೆ.

ಮನೆಗೆ ಬಂದ ಮೇಲೆ ವ್ಯಾಯಾಮ ಮಾಡಿಸುವ ಮೇಷ್ಟ್ರು ಬಂದರು. ಗಟ್ಟಿಮುಟ್ಟಾದ ಕೈಗೆ ಎಂಥ ವ್ಯಾಯಾಮ ಅಂತ ಕರೆಂಟಣ್ಣ ಅವರನ್ನು ವಾಪಸ್ಸು ಕಳಿಸಿದ. ಕೈ ತಿರುಗಿ ಬರುವುದಿದ್ದರೆ ಮೊದಲ ಕೆಲವು ತಿಂಗಳಲ್ಲೇ, ಹೊತ್ತು ಹೋಗುತ್ತಿದೆ ಅಂತ ಮೇಷ್ಟ್ರು ಹೊಸ್ತಿಲಲ್ಲಿ ನಿಂತು ಎಚ್ಚರಿಸಿದರು. ಆ ವಾರವೇ ಹಿತ್ತಲಲ್ಲಿ ದಡಾರನೆ ಸದ್ದಾಯಿತು. ಕೆಲಸದ ಅಂಗಿಗೆ ಒಂದೇ ತೋಳು ತೂರಿಸಿಕೊಂಡು, ಗೋಡೆ ಹಿಡಿದು ತೆವಳಿ ಹೋಗಿ ಏಣಿ ಹತ್ತಲು ನೋಡಿದ್ದ. ಹಣೆ ಒಡೆದು ರಕ್ತ ಸುರಿಯುತ್ತಿದ್ದರೂ, ನೆಲ ಜಾರುತ್ತಿತ್ತು ಅಂದ. ಅವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು, ಆ ಸದ್ದಿನಲ್ಲಿ ಅತ್ತಳು.

ಒಂದು ಸಲವಾದರೂ ಅವರಿಗೆ ಗೊತ್ತಾಗಲಿ ಅಂತ ಅವಳು ಡಾಕ್ಟರಮ್ಮನಿಗೆ ಕೈಮುಗಿದಳು. ಎಡಗಿವಿಗೆ ತಣ್ಣೀರು ಬಿಟ್ಟರೆ ಸಮತೋಲದ ನರ ಕೆರಳಿ, ಮಿದುಳಿನ ಬಲಭಾಗ ಸ್ವಲ್ಪ ಹೊತ್ತು ಎಚ್ಚರಾಗುವುದುಂಟು, ಆದರೆ ಅದು ಔಷಧವಲ್ಲ ಅಂದರು ಅವರು. ಅವಳು ಒಪ್ಪಿದಳು.

ಆಸ್ಪತ್ರೆಯಲ್ಲಿ ಕಿವಿಗೆ ನೀರು ಬೀಳುತ್ತಲೇ ಅವನ ಕಣ್ಣುಗುಡ್ಡೆಗಳು ಪಟಪಟನೆ ಒಂದೇ ಕಡೆಗೆ ಜಗ್ಗಿದವು. ವಾಂತಿಯಾಯಿತು. ಸುಸ್ತಾಗಿ ಒರಗಿದವನು ತೊಡೆಯ ಮೇಲಿದ್ದ ಕೈಯನ್ನು ನೋಡಿದ.

"ಇದು ನಂದು," ಅಂದ. "ಬಿದ್ದೋಗಿದೆ."

"ಯಾವಾಗಿಂದ?" ಡಾಕ್ಟರಮ್ಮ ಕೇಳಿದರು.

"ಲೇಸು ಕಟ್ತಾ ಬಿದ್ದೆನಲ್ಲ, ಅವತ್ತಿಂದ." ಹೆಂಡತಿಯ ಕಡೆ ತಿರುಗಿದ. "ನಿನ್ನ ಗೋಳು ಹೊಯ್ಕೊಂಡೆ ಕಣೇ. ವ್ಯಾಯಾಮ ಮಾಡ್ತೀನಿ."

ಅವಳು ಅವನ ಎದೆಗೆ ಹಣೆಯಿಟ್ಟು ಬಿಕ್ಕಿದಳು. ಗಾಡಿಯಲ್ಲಿ ಮನೆಗೆ ಬರುವಾಗ ಅವನು, ನಾಳೆಯಿಂದ ಕೆಲಸಕ್ಕೆ ಹೋಗಬೇಕು, ರಜ ಜಾಸ್ತಿಯಾಯಿತು ಅಂದ.

ರುಚಿ ಕಂಡ ಆಸೆ ಅವಳನ್ನು ಬಿಡಲಿಲ್ಲ. ಮಂಜುಗಡ್ಡೆ ಕರಗಿಸಿ, ಪಿಚಕಾರಿಯಲ್ಲಿ ತಾನೇ ಅವನ ಕಿವಿಗೆ ಬಿಟ್ಟಳು. ಅವನು ಚೀರಿದ, ಕಾರಿಕೊಂಡ, ಆಮೇಲೆ ಕೈ ನೋಡಿ, ಹೆಣ ಕಂಡವನ ಹಾಗೆ ಅತ್ತ. ಆ ಅಳುವಿನ ನಡುವೆಯೇ ಅವಳು ವ್ಯಾಯಾಮ ಮಾಡಿಸಿದಳು. ಅರಿವು ಆರಿತು. ಮತ್ತೆ ಬಿಟ್ಟಳು. ಇನ್ನೊಮ್ಮೆ ಬಿಟ್ಟಾಗ ಅವನು ಬಲಗೈಯಿಂದ ಅವಳ ಮಣಿಕಟ್ಟು ಹಿಡಿದ.

"ಸಾಕು ಕಣೇ. ಪ್ರತಿ ಸಲ ನಂಗೆ ಇದು ಹೊಸದಾಗಿ ಸಾಯುತ್ತೆ."

ಅವಳು ಉಳಿದ ನೀರನ್ನು ಬಚ್ಚಲಿಗೆ ಚೆಲ್ಲಿದಳು.

ಆಮೇಲೆ ವಾದಕ್ಕೆ ಹೋಗಲಿಲ್ಲ. ನಿಮ್ಮ ತಮ್ಮನ ಕೈ ಮರಗಟ್ಟಿದೆ, ಒಂದಿಷ್ಟು ತಿಕ್ಕೋಣ ಅನ್ನುತ್ತಿದ್ದಳು. ಅವನು ತಮ್ಮನನ್ನು ಬಯ್ಯುತ್ತಲೇ ತಿಕ್ಕಿಸಿಕೊಂಡ, ಮಡಿಸಲು ಬಿಟ್ಟ. ಇಂಥ ಮರೆವು ಕೆಲವರಿಗೆ ತಾನಾಗೇ ಹರಿಯುತ್ತದೆ ಅಂತ ಡಾಕ್ಟರಮ್ಮ ಹೇಳಿದ್ದರು. ಹಾಗೇ ಆಯಿತು. ಒಂದು ಬೆಳಿಗ್ಗೆ ಮಂಚದ ಅಂಚಿನಲ್ಲಿ ಕೂತು ಅವನು ತುಂಬ ಹೊತ್ತು ಕೈಯನ್ನೇ ನೋಡುತ್ತಿದ್ದ.

"ಇದು ನಂದೇ ಅಲ್ವಾ?"

ಇದೇ ಮಾತಿಗೆ ಅವಳು ಕಂಡವರಿಗೆಲ್ಲ ಕೈಮುಗಿದಿದ್ದಳು. ಈಗ ಅವನ ಪಕ್ಕ ಕೂತು ಆ ಕೈಯನ್ನು ತನ್ನ ಮಡಿಲಿಗೆ ಎತ್ತಿಕೊಂಡಳು.

"ಹೌದು ರೀ," ಅಂದಳು.

ಅವನು ಗೋಡೆಗೆ ಮುಖ ಮಾಡಿ ಮಲಗಿದ. ಊಟ ಮುಟ್ಟಲಿಲ್ಲ. ಅವಳು ಹೇಳಿಕಳಿಸಿದ ಮೇಷ್ಟ್ರು ಮಧ್ಯಾಹ್ನ ಬಂದಾಗ ಅವರ ಮುಖ ನೋಡದೆಯೇ ಅಂಗಾತ ಹೊರಳಿ ಎಡಭುಜ ಒಡ್ಡಿದ. ಅವರು ಒಂದೊಂದೇ ಬೆರಳನ್ನು ಹಿಡಿದು, ಅಲ್ಲಾಡಿಸಿ ನೋಡೋಣ ಅಂದರು. ಕರೆಂಟಣ್ಣ ಹಲ್ಲು ಕಚ್ಚಿದ, ಕತ್ತಿನ ನರ ಉಬ್ಬಿತು, ಬೆವರು ಕಿತ್ತುಕೊಂಡಿತು. ಬೆರಳು ಮಿಸುಕಲಿಲ್ಲ. ಟೈಲರಕ್ಕ ಬಾಗಿಲಲ್ಲಿ ನಿಂತು, ತನಗೇ ತಿಳಿಯದೆ ತನ್ನ ಎಡಗೈಯನ್ನು ಮುಷ್ಟಿ ಕಟ್ಟಿ ಬಿಡಿಸುತ್ತಿದ್ದಳು.